ಮರುಕಳಿಸಿದ ರಕ್ತಕ್ಯಾನ್ಸರ್: ವರ್ಣತಂತುಗಳು ಏನು ಹೇಳುತ್ತವೆ?



ರಕ್ತದ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಕಂಗಾಲಾಗುವುದು ಸಹಜ. ಆದರೆ ಅದಕ್ಕಿಂತಲೂ ಕಷ್ಟದ ಮಾತು ಇನ್ನೊಂದಿದೆ. ತಿಂಗಳುಗಟ್ಟಲೆ ಚಿಕಿತ್ಸೆ ಪಡೆದು, ಜ್ವರ, ಬಾಯಿಹುಣ್ಣು, ನಿಶ್ಶಕ್ತಿಗಳನ್ನೆಲ್ಲ ಸಹಿಸಿಕೊಂಡು, 'ರೋಗ ಹತೋಟಿಗೆ ಬಂದಿದೆ' ಎಂದು ವೈದ್ಯರು ಹೇಳಿದ್ದನ್ನು ಕೇಳಿ ಸಮಾಧಾನಪಟ್ಟುಕೊಂಡ ಮೇಲೆ, ಒಂದು ದಿನ 'ರೋಗ ಮರುಕಳಿಸಿದೆ' ಎಂದು ಕೇಳಬೇಕಾಗುವುದು. ಆಗ ರೋಗಿಯೂ ಮನೆಯವರೂ ಕೇಳುವ ಪ್ರಶ್ನೆಗಳು ಎರಡು. ಇನ್ನೊಮ್ಮೆ ಗುಣವಾಗುವ ಸಾಧ್ಯತೆ ಇದೆಯೇ? ಇದ್ದರೆ ಯಾವ ದಾರಿ ಹಿಡಿಯಬೇಕು?

ಉತ್ತರ ಹುಡುಕಲು ವೈದ್ಯರು ಹಲವು ಸಂಗತಿಗಳನ್ನು ನೋಡುತ್ತಾರೆ. ರೋಗಿಯ ವಯಸ್ಸೆಷ್ಟು, ರೋಗ ಎಷ್ಟು ತಿಂಗಳು ಅಡಗಿತ್ತು, ಹಿಂದೆ ಯಾವ ಚಿಕಿತ್ಸೆ ನಡೆದಿತ್ತು ಎಂಬುವು ಅವುಗಳಲ್ಲಿ ಕೆಲವು. ಇವುಗಳ ಜೊತೆಗೆ ಅಷ್ಟೇ ಮುಖ್ಯವಾದ ಇನ್ನೊಂದು ಸಾಕ್ಷಿ ಇದೆ. ಅದು ಕ್ಯಾನ್ಸರ್ ಕಣಗಳೊಳಗಿನ ವರ್ಣತಂತುಗಳದು, ಅಂದರೆ ಕ್ರೋಮೋಸೋಮ್‌ಗಳದು. ಅದರ ವಿಚಾರವನ್ನು ಇಲ್ಲಿ ತಿಳಿಸುತ್ತೇನೆ. ಪರದೆಯ ಮೇಲಿನ ಚಿತ್ರಗಳು ಈ ಪುಟದಲ್ಲಿ ಇಲ್ಲವಾದ್ದರಿಂದ ಅವುಗಳನ್ನು ಮಾತಿನಲ್ಲೇ ವಿವರಿಸಲು ಪ್ರಯತ್ನಿಸುತ್ತೇನೆ.

ರೋಗ ಅಡಗುವುದು, ಮರಳುವುದು

ನಮ್ಮ ರಕ್ತಕಣಗಳೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿನ ಎಳೆಯ ಕಣವೊಂದು ಬಲಿಯದೆ, ಸಾಯದೆ, ತನ್ನಂಥ ಕಣಗಳನ್ನೇ ಹುಟ್ಟಿಸುತ್ತಾ ಹೋದರೆ ಅದೇ ತೀವ್ರ ಲ್ಯುಕೇಮಿಯ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮಜ್ಜೆಯ ಮೈಲಾಯ್ಡ್ ವಂಶದ ಕಣಗಳಲ್ಲಿ ಹುಟ್ಟುವುದು ಎಎಂಎಲ್. ಲಿಂಫಾಯ್ಡ್ ವಂಶದ ಕಣಗಳಲ್ಲಿ ಹುಟ್ಟುವುದು ಎಎಲ್ಎಲ್. ವಯಸ್ಕರಲ್ಲಿ ಕಾಣುವುದು ಬಹುಪಾಲು ಎಎಂಎಲ್. ಮಕ್ಕಳಲ್ಲಿ ಹೆಚ್ಚಾಗಿ ಎಎಲ್ಎಲ್.

ರೋಗ ಪತ್ತೆಯಾಗುವ ಹೊತ್ತಿಗೆ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ. ಔಷಧಿ ಕೊಟ್ಟ ಮೇಲೆ ಮಜ್ಜೆಯಲ್ಲಿ ಇಂಥ ಎಳೆಯ ಕಣಗಳು ನೂರರಲ್ಲಿ 5ಕ್ಕಿಂತ ಕಡಿಮೆಯಾಗಿ, ರಕ್ತದ ಎಣಿಕೆಗಳು ಸರಿಹೋದರೆ ಅದನ್ನು ಪೂರ್ಣ ಉಪಶಮನ ಎನ್ನುತ್ತಾರೆ. ಈ 'ಪೂರ್ಣ' ಎಂಬ ಮಾತನ್ನು ಎಚ್ಚರದಿಂದ ಅರ್ಥಮಾಡಿಕೊಳ್ಳಬೇಕು. ಸೂಕ್ಷ್ಮದರ್ಶಕಕ್ಕೆ ಕಾಣದಿದ್ದರೂ ಇನ್ನೂ ನೂರಾರು ಕೋಟಿ ಕಣಗಳು ಉಳಿದಿರಬಹುದು. ಹೊಲದಲ್ಲಿ ಕೊನ್ನಾರಿಗೆಡ್ಡೆ ಹತ್ತಿದ್ದನ್ನು ಕಂಡ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನ ಹುಲ್ಲನ್ನೆಲ್ಲ ಕಿತ್ತರೆ ನೆಲ ಸ್ವಚ್ಛವಾಗಿ ಕಾಣುತ್ತದೆ. ಮಣ್ಣಿನೊಳಗೆ ಉಳಿದ ಗೆಡ್ಡೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆದ್ದರಿಂದಲೇ ಉಪಶಮನದ ನಂತರವೂ ಚಿಕಿತ್ಸೆಯನ್ನು ಮುಂದುವರಿಸುತ್ತಾರೆ.

ಮತ್ತೆ ಚಿಗುರಿದ್ದು ಹಳೆಯ ಗೆಡ್ಡೆಯೇ, ಅದರದೇ ಬದಲಾದ ಕುಡಿಯೇ, ಇಲ್ಲವೇ ಬೇರೆಯೇ ಕಳೆಯೇ? ಇದನ್ನು ಹೇಳಬಲ್ಲದ್ದು ವರ್ಣತಂತು ಪರೀಕ್ಷೆ.

ನೂರು ವರ್ಷದ ಹುಡುಕಾಟ

ಕ್ಯಾನ್ಸರ್ ಕಣಗಳ ದೋಷ ವರ್ಣತಂತುಗಳಲ್ಲಿ ಇರಬಹುದೆಂದು ಜರ್ಮನಿಯ ಥಿಯೋಡರ್ ಬೊವೇರಿ 1914ರಲ್ಲಿಯೇ ಬರೆದಿದ್ದರು. ಆಗ ಮನುಷ್ಯನಲ್ಲಿ ವರ್ಣತಂತುಗಳು ಎಷ್ಟಿವೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಅವು 46 ಎಂದು ಟಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಖಚಿತಪಡಿಸಿದ್ದು 1956ರಲ್ಲಿ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಅವರು ದೀರ್ಘಕಾಲಿಕ ಬಗೆಯ ಲ್ಯುಕೇಮಿಯ ರೋಗಿಗಳಲ್ಲಿ ಅಸಹಜವಾಗಿ ಗಿಡ್ಡಾದ ಒಂದು ವರ್ಣತಂತುವನ್ನು ಕಂಡರು. ಅದಕ್ಕೆ ಆ ಊರಿನ ಹೆಸರೇ ಉಳಿಯಿತು.

ಆ ತುಂಡು ಎಲ್ಲಿ ಹೋಯಿತು ಎಂಬುದು ತಿಳಿದದ್ದು 1973ರಲ್ಲಿ. ವರ್ಣತಂತುಗಳಿಗೆ ಬಣ್ಣ ಹಾಕಿ ಪಟ್ಟೆಗಳನ್ನು ಗುರುತಿಸುವ ವಿಧಾನ ಆ ವೇಳೆಗೆ ಬಂದಿತ್ತು. ಷಿಕಾಗೋದ ಜಾನೆಟ್ ರೌಲಿ ಎಂಬ ವೈದ್ಯೆ ತಮ್ಮ ಮನೆಯ ಊಟದ ಮೇಜಿನ ಮೇಲೆ ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತಾ, 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿರುವುದನ್ನು ಪತ್ತೆಹಚ್ಚಿದರು. ತೀವ್ರ ಲ್ಯುಕೇಮಿಯದಲ್ಲಿ 8 ಮತ್ತು 21ನೆಯ ವರ್ಣತಂತುಗಳ ಅದಲುಬದಲನ್ನು ಗುರುತಿಸಿದವರೂ ಅವರೇ.

ಪರೀಕ್ಷೆ ನಡೆಯುವ ಬಗೆ

ಸೊಂಟದ ಹಿಂಬದಿಯ ಮೂಳೆಯಿಂದ ಕೆಲವು ಮಿಲಿಲೀಟರ್ ಮಜ್ಜೆಯನ್ನು ಸೂಜಿಯಿಂದ ಎಳೆದು ಹೆಪ್ಪಾರಿನ್ ಹಾಕಿದ ಕೊಳವೆಗೆ ತುಂಬುತ್ತಾರೆ. ಕಣಗಳು ಜೀವಂತವಾಗಿಯೇ ಪ್ರಯೋಗಶಾಲೆ ತಲುಪಬೇಕು, ಏಕೆಂದರೆ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಕಣ ಒಡೆದು ಎರಡಾಗುವ ಗಳಿಗೆಯಲ್ಲಿ ಮಾತ್ರ. ಅಲ್ಲಿ ಒಂದೆರಡು ದಿನ ಅವುಗಳನ್ನು ಬೆಳೆಸಿ, ಒಡೆಯುವ ಗಳಿಗೆಗೆ ಸರಿಯಾಗಿ ಔಷಧಿಯಿಂದ ತಡೆದು ನಿಲ್ಲಿಸಿ, ತೆಳು ಉಪ್ಪುದ್ರಾವಣದಲ್ಲಿ ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಹನಿಸಿ, ಬಣ್ಣ ಹಾಕಿ ನೋಡುತ್ತಾರೆ. ಸಾಮಾನ್ಯವಾಗಿ 20 ಕಣಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಒಂದು ಕಣದಲ್ಲಿ ಮಾತ್ರ ದೋಷ ಕಂಡರೆ ಅದನ್ನು ಆಕಸ್ಮಿಕವೆಂದು ಬಿಡುತ್ತಾರೆ. ಒಂದೇ ಬಗೆಯ ಅದಲುಬದಲು ಎರಡು ಕಣಗಳಲ್ಲಾದರೂ ಕಂಡರೆ, ಅಥವಾ ಒಂದೇ ವರ್ಣತಂತು ಮೂರು ಕಣಗಳಲ್ಲಾದರೂ ಕಾಣೆಯಾಗಿದ್ದರೆ, ಅವು ಒಂದೇ ಮೂಲಕಣದ ಸಂತತಿ ಎಂದು ತೀರ್ಮಾನಿಸುತ್ತಾರೆ.

ಬೀದರಿನಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ ಮಾದರಿ ಕಳಿಸಬೇಕಾದಾಗ ಈ ಜೀವಂತ ಎಂಬ ಮಾತು ಬಹಳ ಮುಖ್ಯವಾಗುತ್ತದೆ. ಮಾದರಿಯನ್ನು ಬಿಸಿಲಿನಲ್ಲಿ ಇಡಬಾರದು, ಮಂಜುಗಡ್ಡೆಯಾಗುವಂತೆ ಹೆಪ್ಪುಗಟ್ಟಿಸಲೂ ಬಾರದು. ಒಂದು ದಿನದೊಳಗೆ ತಲುಪಿದರೆ ಒಳ್ಳೆಯದು. ಹೊಸ ಚಿಕಿತ್ಸೆ ಶುರುವಾಗುವುದಕ್ಕೆ ಮೊದಲೇ ಮಾದರಿ ತೆಗೆಯಬೇಕು. ಔಷಧಿ ಹೋದ ಮೇಲೆ ಕಣಗಳು ಬೆಳೆಯುವುದಿಲ್ಲ, ಸಾಕ್ಷಿಯೂ ಕೈತಪ್ಪುತ್ತದೆ.

ಒಳ್ಳೆಯ ಗುರುತು, ಕೆಟ್ಟ ಗುರುತು

ಒಂದು ವರ್ಣತಂತುವಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡಿತೆನ್ನಿ. ಒಂದು ಸಂಪುಟದ ಹಾಳೆಯನ್ನು ಹರಿದು ಇನ್ನೊಂದರ ನಡುವೆ ಹೊಲಿದಂತೆ ಅದು. ಎರಡು ಅರ್ಧವಾಕ್ಯಗಳು ಕೂಡಿ ಹೊಸ ಅನರ್ಥದ ಆಜ್ಞೆಯೊಂದು ಹುಟ್ಟುತ್ತದೆ. ಕಣ ಆ ಆಜ್ಞೆಯನ್ನೇ ಪಾಲಿಸುತ್ತದೆ. ಆದರೆ ಎಲ್ಲ ಅನರ್ಥಗಳೂ ಒಂದೇ ಬಗೆಯ ಕೇಡನ್ನು ತರುವುದಿಲ್ಲ.

ಬ್ರಿಟನ್ನಿನಲ್ಲಿ ಎಎಂಎಲ್ ರೋಗಿಗಳು 1612 ಮಂದಿಯನ್ನು ಪರಿಶೀಲಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಅದು ರೋಗಿಗಳನ್ನು ಮೊದಲ ಪರೀಕ್ಷೆಯ ವರ್ಣತಂತುಗಳ ಆಧಾರದಿಂದ ಮೂರು ಗುಂಪು ಮಾಡಿತು. 8 ಮತ್ತು 21ರ ಅದಲುಬದಲು, 15 ಮತ್ತು 17ರ ಅದಲುಬದಲು, 16ನೆಯದರ ಒಳಗಿನ ತಿರುವುಮುರುವು, ಇವು ಅನುಕೂಲದ ಗುಂಪು. ಇವರಲ್ಲಿ ಐದು ವರ್ಷದ ನಂತರ ನೂರಕ್ಕೆ 65 ಮಂದಿ ಬದುಕಿದ್ದರು. ವರ್ಣತಂತುಗಳು ಸಹಜವಾಗಿ ಕಂಡವರೂ ಇನ್ನು ಕೆಲವರೂ ಸೇರಿ ಮಧ್ಯಮ ಗುಂಪಾದರು. ಅಲ್ಲಿ 41 ಮಂದಿ. 5 ಅಥವಾ 7ನೆಯ ವರ್ಣತಂತು ಪೂರ್ತಿ ಕಳೆದುಹೋದವರು, ಏಕಕಾಲಕ್ಕೆ ಹಲವು ದೋಷಗಳಿದ್ದವರು ಪ್ರತಿಕೂಲದ ಗುಂಪಿಗೆ ಸೇರಿದರು. ಅಲ್ಲಿ 14 ಮಂದಿ ಮಾತ್ರ. ರೋಗ ಒಂದೇ, ಔಷಧಿಗಳೂ ಒಂದೇ ಬಗೆಯವು, ಫಲ ಮಾತ್ರ ಇಷ್ಟೊಂದು ಬೇರೆ.

ಮರುಕಳಿಸಿದಾಗ ಕಾಣುವ ನಾಲ್ಕು ಚಿತ್ರಗಳು

ರೋಗ ಮರಳಿದಾಗ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕೆಂದು ವೈದ್ಯರು ಹೇಳಿದರೆ, 'ಒಮ್ಮೆ ಮಾಡಿಸಿದ್ದೇವಲ್ಲ, ಮತ್ತೆ ಯಾಕೆ ಖರ್ಚು?' ಎಂದು ಮನೆಯವರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಇಲ್ಲಿದೆ.

ಮೊದಲನೆಯ ಚಿತ್ರದಲ್ಲಿ ಹಿಂದೆ ಕಂಡ ದೋಷವೇ ಯಥಾವತ್ತಾಗಿ ಮತ್ತೆ ಕಾಣುತ್ತದೆ. ಹಳೆಯ ಸಂತತಿಯೇ ಮರಳಿದೆ ಎಂದರ್ಥ.

ಎರಡನೆಯದರಲ್ಲಿ ಹಳೆಯ ದೋಷದ ಜೊತೆಗೆ ಹೊಸವು ಸೇರಿರುತ್ತವೆ. ಇದೂ ಅಪರೂಪವಲ್ಲ. ಕ್ಯಾನ್ಸರ್ ಕಣಗಳ ಸಂತತಿ ಹೆಜ್ಜೆಹೆಜ್ಜೆಗೂ ಬದಲಾಗುತ್ತಾ, ಗಟ್ಟಿಗರು ಉಳಿಯುತ್ತಾ ಸಾಗುತ್ತದೆ ಎಂದು ಹಿಂದೆ ಹೇಳಿದ ಪೀಟರ್ ನೋವೆಲ್ ಅವರೇ 1976ರಲ್ಲಿ ವಿವರಿಸಿದ್ದರು. 2012ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಿಜ್ಞಾನಿಗಳು ಎಂಟು ಮಂದಿ ಎಎಂಎಲ್ ರೋಗಿಗಳ ಕಣಗಳ ಸಂಪೂರ್ಣ ಆನುವಂಶಿಕ ಬರಹವನ್ನು ಮೊದಲ ಸಲ ಮತ್ತು ಮರುಕಳಿಸಿದಾಗ ಓದಿ ಹೋಲಿಸಿದರು. ಕೆಲವರಲ್ಲಿ ಮೂಲ ಸಂತತಿಯೇ ಹೊಸ ಬದಲಾವಣೆ ಪಡೆದು ಮರಳಿತ್ತು. ಕೆಲವರಲ್ಲಿ ಅದರ ಸಣ್ಣ ಉಪಶಾಖೆಯೊಂದು ಔಷಧಿಯಿಂದ ತಪ್ಪಿಸಿಕೊಂಡು ಬೆಳೆದಿತ್ತು. ಹೊಸ ಬದಲಾವಣೆಗಳಲ್ಲಿ ಒಂದಷ್ಟಕ್ಕೆ ಚಿಕಿತ್ಸೆಯ ಔಷಧಿಗಳೇ ಕಾರಣವಾಗಿದ್ದಂತೆಯೂ ಕಂಡುಬಂತು. ಹೊಸದಾಗಿ ಸೇರಿದ ದೋಷಗಳೆಲ್ಲ ಸಮಾನವಲ್ಲ. 7ನೆಯದು ಕಳೆದುಹೋದರೆ, 17ನೆಯದರ ಗಿಡ್ಡ ತೋಳು ಲೋಪವಾದರೆ, ದೋಷಗಳು ಒಮ್ಮೆಗೇ ಹಲವಾದರೆ ಸಾಮಾನ್ಯ ಔಷಧಿಗಳಿಗೆ ರೋಗ ಬಗ್ಗುವುದು ಕಷ್ಟ.

ಮೂರನೆಯದು ಮೊದಲಿನದಕ್ಕೆ ಸಂಬಂಧವೇ ಇಲ್ಲದ ದೋಷ. ಇದು ಮರುಕಳಿಕೆಯೇ ಅಲ್ಲದೆ, ಹಿಂದಿನ ಔಷಧಿಗಳ ಫಲವಾಗಿ ಹುಟ್ಟಿದ ಎರಡನೆಯ ಲ್ಯುಕೇಮಿಯ ಆಗಿರಬಹುದು. ಕೆಲವು ಬಗೆಯ ಔಷಧಿ ಪಡೆದವರಲ್ಲಿ 11ನೆಯ ವರ್ಣತಂತುವಿನ ಉದ್ದ ತೋಳಿನಲ್ಲಿ ಮುರಿತ ಕಾಣುವುದು ಇದರ ಒಂದು ಗುರುತು.

ನಾಲ್ಕನೆಯದು ಮಜ್ಜೆ ಕಸಿಯ ನಂತರ ಕಾಣುವಂಥದು. ಅಣ್ಣನಿಗೆ ತಂಗಿ ಮಜ್ಜೆಯ ಕಣಗಳನ್ನು ಕೊಟ್ಟಿದ್ದಾಳೆ ಎನ್ನಿ. ಕಸಿ ಹಿಡಿದ ಮೇಲೆ ಅವನ ಮಜ್ಜೆಯಲ್ಲಿ ಹೆಣ್ಣಿನ ಎರಡು ಎಕ್ಸ್ ವರ್ಣತಂತುಗಳಿರುವ ಕಣಗಳೇ ಇರಬೇಕು. ಎಕ್ಸ್-ವೈ ಇರುವ ಕಣಗಳು ಮತ್ತೆ ಹೆಚ್ಚತೊಡಗಿದರೆ ಹಳೆಯ ರೋಗ ತಲೆಯೆತ್ತಿದೆಯೋ ಎಂದು ವೈದ್ಯರು ಹುಡುಕುತ್ತಾರೆ.

ಕಸಿಯ ವಿಷಯದಲ್ಲಿ ಇನ್ನೊಂದು ಸೋಜಿಗವನ್ನೂ ಹೇಳಬೇಕು. ದಾನಿಯ ರಕ್ಷಕ ಕಣಗಳು ರೋಗಿಯ ಕ್ಯಾನ್ಸರ್ ಕಣಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲುವುದು 6ನೆಯ ವರ್ಣತಂತುವಿನ ಮೇಲಿನ ಅಂಗಾಂಶ ಗುರುತುಗಳ ಆಧಾರದಿಂದ. ಇಟಲಿಯ ಮಿಲಾನಿನ ವೈದ್ಯರು 2009ರಲ್ಲಿ ತೋರಿಸಿದ್ದೇನೆಂದರೆ, ಅರ್ಧ ಹೊಂದಿಕೆಯ ದಾನಿಯಿಂದ ಕಸಿ ಪಡೆದು ರೋಗ ಮರಳಿದ ಕೆಲವರಲ್ಲಿ ಕ್ಯಾನ್ಸರ್ ಕಣಗಳು ಹೊಂದದ ಆ ಭಾಗವನ್ನೇ ಕಳೆದುಕೊಂಡು, ಹೊಂದುವ ಭಾಗದ ಎರಡು ಪ್ರತಿಗಳನ್ನು ಇಟ್ಟುಕೊಂಡಿದ್ದವು. ಕಾವಲುಗಾರನಿಗೆ ಕಳ್ಳನ ಗುರುತೇ ಸಿಗದಂತಾಯಿತು. ಅಂಥವರಿಗೆ ಅದೇ ದಾನಿಯ ಕಣಗಳನ್ನು ಮತ್ತೆ ಕೊಟ್ಟರೆ ಪ್ರಯೋಜನ ಕಡಿಮೆ. ಬೇರೆ ದಾನಿಯನ್ನು ಹುಡುಕುವುದು ಜಾಣತನ.

ಮುನ್ನರಿವಿನ ಲೆಕ್ಕ

ಇನ್ನು 'ಗುಣವಾಗುವ ಸಾಧ್ಯತೆ ಎಷ್ಟು?' ಎಂಬ ಪ್ರಶ್ನೆ. ಯುರೋಪಿನಲ್ಲಿ 15ರಿಂದ 60 ವರ್ಷದೊಳಗಿನ, ಎಎಂಎಲ್ ಮೊದಲ ಬಾರಿ ಮರುಕಳಿಸಿದ 667 ಮಂದಿಯನ್ನು ಗಮನಿಸಿ 2005ರಲ್ಲಿ ಒಂದು ಅಂಕಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ನಾಲ್ಕೇ ಪ್ರಶ್ನೆಗಳು. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ರೋಗ 18 ತಿಂಗಳಿಗಿಂತ ಹೆಚ್ಚು ಕಾಲ ಅಡಗಿದ್ದರೆ ಸೊನ್ನೆ, 7ರಿಂದ 18 ತಿಂಗಳಾದರೆ 3, ಆರು ತಿಂಗಳೊಳಗೆ ಮರಳಿದರೆ 5. ಮೊದಲ ಪರೀಕ್ಷೆಯಲ್ಲಿ 16ನೆಯದರ ತಿರುವುಮುರುವು ಇದ್ದರೆ ಸೊನ್ನೆ, 8 ಮತ್ತು 21ರ ಅದಲುಬದಲಿಗೆ 3, ಉಳಿದೆಲ್ಲಕ್ಕೂ 5. ವಯಸ್ಸು 35ರವರೆಗೆ ಸೊನ್ನೆ, 36ರಿಂದ 45ಕ್ಕೆ 1, ಅದಕ್ಕೆ ಮೇಲ್ಪಟ್ಟು 2. ಹಿಂದೆ ಕಸಿ ಆಗಿದ್ದರೆ 2, ಇಲ್ಲದಿದ್ದರೆ ಸೊನ್ನೆ.

ಒಂದು ಉದಾಹರಣೆ ನೋಡೋಣ. ಮೂವತ್ತು ವರ್ಷದ ಒಬ್ಬರಿಗೆ 8 ಮತ್ತು 21ರ ಅದಲುಬದಲು, 20 ತಿಂಗಳ ನಂತರ ಮರುಕಳಿಕೆ, ಕಸಿ ಆಗಿಲ್ಲ. ಒಟ್ಟು ಅಂಕ 3. ಐವತ್ತು ವರ್ಷದ ಇನ್ನೊಬ್ಬರಿಗೆ ವರ್ಣತಂತುಗಳು ಸಹಜ, ಐದೇ ತಿಂಗಳಲ್ಲಿ ಮರುಕಳಿಕೆ, ಕಸಿ ಆಗಿಲ್ಲ. ಒಟ್ಟು 12. ಆರು ಅಥವಾ ಅದಕ್ಕಿಂತ ಕಡಿಮೆ ಅಂಕದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 46. ಏಳರಿಂದ ಒಂಬತ್ತರವರಲ್ಲಿ 18. ಹತ್ತು ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ 4. ಕೊನೆಯ ಗುಂಪೇ ದೊಡ್ಡದು, ಮೂರರಲ್ಲಿ ಎರಡು ಪಾಲು.

ಎಎಲ್ಎಲ್ ಮರುಕಳಿಸಿದ ವಯಸ್ಕರ ಚಿತ್ರವೂ ಹಿಂದೆ ಕಠಿಣವಾಗಿತ್ತು. ಬ್ರಿಟನ್ ಮತ್ತು ಅಮೆರಿಕದ 609 ಮಂದಿಯನ್ನು ನೋಡಿದ 2007ರ ವರದಿಯಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 7.

ಈ ಸಂಖ್ಯೆಗಳನ್ನು ಓದಿ ಎದೆಗುಂದಬೇಡಿ. ಹಾಗೆಂದು ಅವುಗಳನ್ನು ಅಲ್ಲಗಳೆಯಲೂ ಬೇಡಿ. ಅವು ಗುಂಪಿನ ಲೆಕ್ಕ, ಒಬ್ಬ ವ್ಯಕ್ತಿಯ ಜಾತಕವಲ್ಲ. ಮಿಗಿಲಾಗಿ, ಈಗಿನ ಹಲವು ಔಷಧಿಗಳು ಬರುವುದಕ್ಕೆ ಮುಂಚಿನ ರೋಗಿಗಳ ಲೆಕ್ಕ.

ಗುರುತು ಗೊತ್ತಾದರೆ ಔಷಧಿಗೆ ದಾರಿ

ವರ್ಣತಂತುವಿನ ದೋಷ ಹಿಂದೆ ಕೇವಲ ಭವಿಷ್ಯ ಹೇಳುತ್ತಿತ್ತು. ಈಗ ಅದು ಔಷಧಿಯನ್ನೂ ತೋರಿಸುತ್ತದೆ. ಇದಕ್ಕೆ ಅತ್ಯುತ್ತಮ ಸಾಕ್ಷಿ 15 ಮತ್ತು 17ರ ಅದಲುಬದಲಿನಿಂದ ಬರುವ ಪ್ರೊಮೈಲೋಸೈಟಿಕ್ ಲ್ಯುಕೇಮಿಯ. ವಿಟಮಿನ್ ಎ ವರ್ಗದ ಔಷಧಿಯೊಂದು ಇದಕ್ಕೆ ಮದ್ದೆಂದು 1988ರಲ್ಲಿ ಶಾಂಘೈನ ವೈದ್ಯರು ವರದಿ ಮಾಡಿದರು. ಚೀನಾದ ಹಾರ್ಬಿನ್ ನಗರದಿಂದ ಬಂದ ಇನ್ನೊಂದು ಮದ್ದು ಆರ್ಸೆನಿಕ್, ಅಂದರೆ ನಮ್ಮವರು ಪಾಷಾಣ ಎನ್ನುವ ವಿಷ. 1998ರಲ್ಲಿ ಅಮೆರಿಕದಲ್ಲಿ ಈ ರೋಗ ಮರುಕಳಿಸಿದ 12 ಮಂದಿಗೆ ಇದನ್ನು ಕೊಟ್ಟಾಗ 11 ಮಂದಿಯಲ್ಲಿ ರೋಗ ಪೂರ್ತಿ ಅಡಗಿತು. ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದೊಂದೇ ಔಷಧಿಯನ್ನು ಹೊಸ ರೋಗಿಗಳು 72 ಮಂದಿಗೆ ಕೊಟ್ಟು, ಕಡಿಮೆ ಖರ್ಚಿನಲ್ಲಿ ಒಳ್ಳೆಯ ಫಲ ಕಂಡು 2006ರಲ್ಲಿ ಪ್ರಕಟಿಸಿದರು.

ವಯಸ್ಕರ ಎಎಲ್ಎಲ್‌ನಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಫಿಲಡೆಲ್ಫಿಯಾ ವರ್ಣತಂತು ಇರುತ್ತದೆ. ಒಂದು ಕಾಲಕ್ಕೆ ಅದೇ ಅತ್ಯಂತ ಕೆಟ್ಟ ಗುರುತಾಗಿತ್ತು. ಅದು ಹುಟ್ಟಿಸುವ ಕೆಟ್ಟ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಮತ್ತು ಅದರ ನಂತರದ ಮಾತ್ರೆಗಳು ಬಂದ ಮೇಲೆ ಚಿತ್ರ ಬದಲಾಗಿದೆ. ಅಂಥವರಲ್ಲಿ ರೋಗ ಮರಳಿದರೆ ಮಾತ್ರೆ ಯಾಕೆ ಸೋತಿತು ಎಂದು ಆ ಜೀನಿನಲ್ಲೇ ಹುಡುಕಿ, ತಕ್ಕ ಬೇರೆ ಮಾತ್ರೆಯನ್ನು ಆರಿಸುತ್ತಾರೆ.

ಎಎಂಎಲ್‌ನಲ್ಲಿ ಸುಮಾರು ನೂರಕ್ಕೆ 40ರಿಂದ 45 ಮಂದಿಯ ವರ್ಣತಂತುಗಳು ಸಹಜವಾಗಿಯೇ ಕಾಣುತ್ತವೆ. ಅಲ್ಲಿ ಜೀನ್‌ಗಳ ಒಳಗಿನ ಸೂಕ್ಷ್ಮ ದೋಷಗಳನ್ನು ನೋಡಬೇಕು. ಎಫ್ಎಲ್‌ಟಿ3 ಎಂಬ ಜೀನಿನ ದೋಷ ಅಂಥದು. ಮೊದಲ ಸಲ ಇಲ್ಲದ್ದು ಮರುಕಳಿಸಿದಾಗ ಕಾಣಬಹುದು, ಇದ್ದದ್ದು ಮಾಯವಾಗಿರಲೂಬಹುದು. ಅದಿದ್ದು ರೋಗ ಮರಳಿದವರಿಗೆ ಅಥವಾ ಮೊದಲ ಚಿಕಿತ್ಸೆಗೆ ಬಗ್ಗದವರಿಗೆ ಗಿಲ್ಟೆರಿಟಿನಿಬ್ ಕೊಟ್ಟು ನೋಡಿದ 2019ರ ಅಧ್ಯಯನದಲ್ಲಿ ಬದುಕಿನ ಮಧ್ಯಮಾವಧಿ 9.3 ತಿಂಗಳು, ಬೇರೆ ಔಷಧಿ ಪಡೆದವರಲ್ಲಿ 5.6 ತಿಂಗಳು. ದೊಡ್ಡ ಗೆಲುವಲ್ಲ, ಆದರೆ ಕಸಿಯವರೆಗೆ ತಲುಪಲು ಆ ತಿಂಗಳುಗಳೇ ಸೇತುವೆಯಾಗಬಲ್ಲವು. 11ನೆಯದರ ಮುರಿತವಿರುವ ಮರುಕಳಿಸಿದ ರೋಗಕ್ಕೆ ರೆವುಮೆನಿಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2024ರಲ್ಲಿ ಅನುಮತಿ ದೊರೆಯಿತು. ಬಿ ಬಗೆಯ ಎಎಲ್ಎಲ್‌ಗೆ ರೋಗಿಯ ರಕ್ಷಕ ಕಣಗಳನ್ನೇ ತಿದ್ದಿ ಮರಳಿಸುವ ಕಾರ್-ಟಿ ಚಿಕಿತ್ಸೆ ಇದೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದವರು ಬೆಳೆಸಿದ ಇಂಥ ಚಿಕಿತ್ಸೆಗೆ ನಮ್ಮ ದೇಶದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು.

ಮನೆಯವರು ಗಮನಿಸಬೇಕಾದ್ದು

ಮೊದಲ ಬಾರಿ ಮಾಡಿಸಿದ ವರ್ಣತಂತು ಪರೀಕ್ಷೆಯ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಆಸ್ಪತ್ರೆ ಬದಲಾಯಿಸಿದರೂ ಅದು ನಿಮ್ಮ ಜೊತೆಗೆ ಬರಲಿ. ರೋಗ ಮರಳಿದರೆ ಹೊಸ ಔಷಧಿಗೆ ಮೊದಲು ವೈದ್ಯರನ್ನು ಕೇಳಿ: ಪರೀಕ್ಷೆಯನ್ನು ಮತ್ತೆ ಮಾಡುತ್ತೀರಾ? ಹಿಂದಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ? ಆ ದೋಷಕ್ಕೆ ನಿರ್ದಿಷ್ಟ ಔಷಧಿ ಇದೆಯೇ? ಕಸಿ ಸಾಧ್ಯವೇ? ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಯಾವುದಕ್ಕೆ ನೆರವುಂಟು ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರಲ್ಲಿ ವಿಚಾರಿಸಿ.

ವರ್ಣತಂತು ಎಂದೊಡನೆ ಇದು ವಂಶದಲ್ಲಿ ಹರಿದುಬರುವ ರೋಗವೆಂದು ಹೆದರುವವರಿದ್ದಾರೆ. ಮಕ್ಕಳ ಮದುವೆಗೆ ತೊಡಕಾದೀತೆಂದು ಪರೀಕ್ಷೆಯನ್ನೇ ಬಚ್ಚಿಡುವುದೂ ಉಂಟು. ಬಹುಪಾಲು ರೋಗಿಗಳಲ್ಲಿ ಈ ದೋಷ ಹುಟ್ಟಿದ್ದು ಅವರ ಮಜ್ಜೆಯ ಒಂದು ಕಣದಲ್ಲಿ, ಅವರ ಬದುಕಿನ ನಡುವೆ. ಅದು ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಕುಟುಂಬದಲ್ಲಿ ಸಾಗುವಂಥವು ಬಹಳ ಕಡಿಮೆ. ಅಂಥ ಅನುಮಾನ ಬಂದರೆ ವೈದ್ಯರೇ ತಿಳಿಸುತ್ತಾರೆ.

ಕೊನೆಯದಾಗಿ ಒಂದು ಮಾತು. ಕೆಲವೊಮ್ಮೆ ವರ್ಣತಂತುಗಳ ವರದಿ ಪ್ರತಿಕೂಲವಾಗಿರುತ್ತದೆ, ಕೈಯಲ್ಲಿರುವ ಔಷಧಿಗಳೂ ಮುಗಿದಿರುತ್ತವೆ. ಆಗ ಸಾಲ ಮಾಡಿ, ಜಮೀನು ಮಾರಿ ಮತ್ತೊಂದು ಸುತ್ತಿನ ಕಠಿಣ ಔಷಧಿ ಕೊಡಿಸುವುದೇ ಪ್ರೀತಿ ಎಂದು ಭಾವಿಸಬೇಕಾಗಿಲ್ಲ. ನೋವು, ಜ್ವರ, ರಕ್ತಸ್ರಾವಗಳನ್ನು ಹತೋಟಿಯಲ್ಲಿಟ್ಟು ರೋಗಿ ತನ್ನವರ ನಡುವೆ ನೆಮ್ಮದಿಯಿಂದಿರುವಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಯಾವ ದಾರಿ ಎಂಬುದನ್ನು ರೋಗಿಯನ್ನು ಪಕ್ಕಕ್ಕಿಟ್ಟು ನಿರ್ಧರಿಸಬೇಡಿ. ವಯಸ್ಕರಾದ ಅವರಿಗೆ ತಿಳಿಯುವ ಹಕ್ಕಿದೆ, ಹೇಳುವ ಮಾತೂ ಇರುತ್ತದೆ. ವರದಿಯಲ್ಲಿ ಬರೆದಿರುವುದನ್ನು ವೈದ್ಯರು ಅವರಿಗೂ ನಿಮಗೂ ಒಟ್ಟಿಗೇ ಕೂರಿಸಿ ವಿವರಿಸಲಿ. ಆ ಅರ್ಧ ಗಂಟೆಯನ್ನು ಅವರಿಂದ ಕೇಳಿ ಪಡೆಯಿರಿ.